ವುಯಿ ಬೆಟ್ಟಕ್ಕೆ ಬಣ್ಣ ಹಚ್ಚುತ್ತಿದ್ದವನು

ಕ್ಯಾಂಟನ್ ಬಂದರಿನ ನಮ್ಮ ಅಂಗಡಿಯಲ್ಲಿ ಒಂದು ಚಿತ್ರವನ್ನು ಒಬ್ಬನೇ ಮುಗಿಸಿದ್ದು ಯಾವತ್ತೂ ಇಲ್ಲ. ಮರದ ಅಚ್ಚಿನಿಂದ ಗೆರೆ ಒತ್ತಿದ ಹಾಳೆ ಮೊದಲು ಬೆಟ್ಟಕ್ಕೆ ಬಣ್ಣ ಹಚ್ಚುವವನ ಮಣೆಗೆ ಹೋಗಬೇಕು, ಅಲ್ಲಿಂದ ಬಟ್ಟೆಗೆ ಬಣ್ಣ ತುಂಬುವವನಿಗೆ, ಕೊನೆಗೆ ಮುಖ ಬರೆಯಲು ನನ್ನ ಹತ್ತಿರ. ಚಹಾ ಎಲೆ ಕೀಳುವುದು, ಬಾಣಲೆಯಲ್ಲಿ ಬಾಡಿಸುವುದು, ಅಂಗೈಯಲ್ಲಿ ಹೊಸೆಯುವುದು, ಪೆಟ್ಟಿಗೆಗೆ ಸುರಿದು ಕಾಲಲ್ಲಿ ತುಳಿಯುವುದು, ಎಲ್ಲದಕ್ಕೂ ಒಂದೊಂದು ಹಾಳೆ. ಹಡಗಿನಿಂದ ಇಳಿದ ಬಿಳಿಯರು ಕಂತೆಗಟ್ಟಲೆ ಕೊಂಡೊಯ್ಯುತ್ತಿದ್ದರು. ಯಾರ ಮುಖದಲ್ಲೂ ಬೆವರು ಕಾಣಬಾರದು, ನಗು ಕಾಣಬೇಕು ಎಂದು ಲೋ ಎಂಬ ನಮ್ಮ ಮಾಲೀಕ ನನಗೆ ತಾಕೀತು ಮಾಡಿದ್ದ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ನಾವು ಮಾರುತ್ತಿದ್ದುದು ಅದನ್ನೇ.

ಬೆಟ್ಟಕ್ಕೆ ಬಣ್ಣ ಹಚ್ಚುತ್ತಿದ್ದವನು ಝಾನ್ ಮುಗೆನ್. ಕ್ಯಾಂಟನ್ನಿನವರಾದ ನಾವು ಚಹಾ ಕುಡಿದು ಬೆಳೆದವರೇ ಹೊರತು ಗಿಡ ಕಂಡವರಲ್ಲ. ಅವನು ಮಾತ್ರ ಚಹಾ ಬೆಳೆಯುವ ವುಯಿ ಬೆಟ್ಟದಲ್ಲೇ ಹುಟ್ಟಿದವನು. ಪ್ರಾಯದಲ್ಲಿ ಚಹಾ ಪೆಟ್ಟಿಗೆ ಹೊತ್ತು ಇಲ್ಲಿಗೆ ಬರುವಾಗ ಕಣಿವೆಯಲ್ಲಿ ಜಾರಿಬಿದ್ದು ಬಲಗಾಲು ಮುರಿದುಕೊಂಡ. ಜೊತೆಯವರು ಹೇಗೋ ಹೊತ್ತು ತಂದು ಇಲ್ಲಿಗೆ ಮುಟ್ಟಿಸಿದರು. ನಮ್ಮೂರ ನಾಟಿ ವೈದ್ಯನೊಬ್ಬ ಮೂಳೆಯನ್ನು ಸೊಟ್ಟಗೆ ಕೂರಿಸಿದ. ಹಾಗೆ ಇಲ್ಲೇ ಉಳಿದವನು ನಮ್ಮಲ್ಲಿ ಬಣ್ಣ ಅರೆಯುತ್ತಾ ಅರೆಯುತ್ತಾ ಕುಂಚ ಹಿಡಿದ.

ಊರಲ್ಲಿ ಹೆಂಡತಿ ಗುಯಿಮೇ ಇದ್ದಳು. ಕಾಲು ಹೋದದ್ದನ್ನು ಅವಳಿಗೆ ಹೇಳಬಾರದೆಂದು ಜೊತೆಯವರಿಂದ ಆಣೆ ಮಾಡಿಸಿಕೊಂಡಿದ್ದ. ಬಂಡೆ ಹತ್ತಲಾರದ ಗಂಡಸಿಗೆ ಆ ಊರಲ್ಲಿ ಏನು ಕೆಲಸ, ಅವಳು ದುಡಿದು ತಂದದ್ದನ್ನು ಕೂತು ಉಣ್ಣಲೇ ಎನ್ನುವುದು ಅವನ ಹಟ. ಅವನ ಮೂಗಿನ ತುದಿಯಲ್ಲೇ ಕೋಪ. ನಾವು ಬುದ್ಧಿ ಹೇಳಹೋದರೆ ಕುಂಚ ಎಸೆಯುತ್ತಿದ್ದ.

ಪ್ರತಿ ಶರತ್ಕಾಲ ಹೊರೆಯವರು ಬೆಟ್ಟ ಇಳಿದು ಬರುತ್ತಿದ್ದರು. ಅಂದು ಮುಗೆನ್ ಒಗೆದ ಅಂಗಿ ತೊಟ್ಟು, ಅವರಿಗಿಂತ ಮುಂಚೆಯೇ ನದಿ ದಂಡೆಯ ಚಹಾದಂಗಡಿಗೆ ಹೋಗಿ ಹೊಸ ಹೊರೆಯವರ ಕಣ್ಣಿಗೆ ಬೀಳದಂತೆ ಕಾಲನ್ನು ಮೇಜಿನಡಿ ತೂರಿಸಿ ಕೂರುತ್ತಿದ್ದ. ಕೊನೆಯವನು ಹೊರಡುವ ತನಕ ಏಳುತ್ತಿರಲಿಲ್ಲ, ಉಚ್ಚೆ ಕಟ್ಟಿ ಸಾಯುವಂತಾದರೂ ಸರಿ. ಅವರು ಗುಯಿಮೇಯ ಮಾತು ತರುತ್ತಿದ್ದರು. ಮಾಡಿಗೆ ಹೊಸ ಹುಲ್ಲು ಹೊದಿಸಿದೆ, ಹಂದಿ ಮರಿ ಹಾಕಿದೆ, ನೀವು ಯಾವಾಗ ಬರ್ತೀರಿ. ಇವನು ಮುಂದಿನ ವರ್ಷ ಎಂದು ಹೇಳಿ ಕಳಿಸುತ್ತಿದ್ದ. ನಾವು ಅವನಿಗೆ ‘ಮುಂದಿನ ವರ್ಷ’ ಎಂದೇ ಅಡ್ಡಹೆಸರು ಇಟ್ಟಿದ್ದೆವು.

ಆಮೇಲೆ ಚಹಾದ ದಾರಿಯೇ ಬದಲಾಯಿತು. ಬೆಟ್ಟಕ್ಕೆ ಹತ್ತಿರದ ಫೂಚೌ ಬಂದರು ತೆರೆಯಿತು, ಪೆಟ್ಟಿಗೆಗಳೆಲ್ಲ ನದಿಯಲ್ಲಿ ತೇಲಿ ಅಲ್ಲಿಗೇ ಇಳಿಯತೊಡಗಿದವು. ಇಲ್ಲಿಗೆ ಹೊರೆಯವರು ಬರುವುದು ನಿಂತಿತು. ಮುಗೆನ್ ಆ ಶರತ್ಕಾಲವೂ ಹೋಗಿ ಕೂತ, ಅದರ ಮುಂದಿನದರಲ್ಲೂ ಕೂತ. ಆ ಬೋಳು ದಂಡೆಯಿಂದ ಅವನನ್ನು ನಾನೇ ಎಬ್ಬಿಸಿಕೊಂಡು ಬರುತ್ತಿದ್ದೆ. ಚಿತ್ರಗಳ ವ್ಯಾಪಾರ ಮಾತ್ರ ಕುಗ್ಗಲಿಲ್ಲ.

"ನನ್ನ ಬೆಟ್ಟ ಸಮುದ್ರ ದಾಟಿ ಯಾರ್ಯಾರ ಮನೆಗೋ ಹೋಗುತ್ತೆ ತಮ್ಮಾ," ಎಂದ ಒಮ್ಮೆ. "ಅವಳ ಒಂದೇ ಒಂದು ಮಾತು ನನ್ನ ತನಕ ಬರಲ್ಲ ನೋಡು."

ವರ್ಷಗಳು ಹೋದವು. ಅವನ ಜಡೆ ನರೆಯಿತು. ಒಂದು ದಿನ ಫೂಚೌದಿಂದ ಹಡಗಿನಲ್ಲಿ ಬಂದ ಸು ಎಂಬ ಚಹಾ ದಲ್ಲಾಳಿ ಪೆಟ್ಟಿಗೆಗೆ ಅಂಟಿಸುವ ಚಿತ್ರ ಕೇಳಿಕೊಂಡು ಅಂಗಡಿಗೆ ಬಂದ. ಅವನು ಬಾಯಿ ತೆರೆದದ್ದೇ ತಡ, ಅದು ತನ್ನೂರ ಮಾತೆಂದು ಮುಗೆನ್‌ಗೆ ತಿಳಿಯಿತು. ಮೊದಲು ಕಾಲನ್ನು ಮಣೆಯಡಿ ಎಳೆದುಕೊಂಡ. ಆಮೇಲೆ, ಝಾನ್ ಮನೆಯ ಗುಯಿಮೇ ಅಂತ ಒಬ್ಬಳಿದ್ದಳು, ಇದ್ದಾಳೆಯೇ ಎಂದು ಕೇಳಿದ.

ಇದ್ದಾಳೆ, ಈಗಲೂ ಎಲೆ ಕೀಳಲು ಬರುತ್ತಾಳೆ ಎಂದ ದಲ್ಲಾಳಿ. ಅವಳದೊಂದು ಹುಚ್ಚು ಎಂದು ನಕ್ಕ. ಅವರ ಬೆಟ್ಟದಲ್ಲಿ ಕೊಯ್ಲಿನ ಮೊದಲ ಮುಂಜಾನೆ ಮನೆ ಬಿಟ್ಟವರು ಬಿಸಿಲೇರುವ ತನಕ ಮಾತಾಡುವಂತಿಲ್ಲ, ಹಿಂತಿರುಗಿ ನೋಡುವಂತಿಲ್ಲ. ನೋಡಿದರೆ ಕಣ್ಣುಬೇನೆ ಬರುತ್ತದಂತೆ. ಗುಯಿಮೇ ಪ್ರತಿ ವರ್ಷ ತಿರುವಿನಲ್ಲಿ ನಿಂತು ಕ್ಯಾಂಟನ್ ದಾರಿಯತ್ತ ತಿರುಗಿ ನೋಡುತ್ತಾಳೆ. ಮೇಸ್ತ್ರಿ ಬೈದರೂ ಕೇಳುವುದಿಲ್ಲ. ಈಗ ಅವಳಿಗೆ ಒಂದು ಕಣ್ಣು ಮಂಜಾಗಿದೆ, ಊರೆಲ್ಲ ಅದಕ್ಕೇ ಹೀಗಾಯಿತು ಎನ್ನುತ್ತಿದೆ.

ಮುಗೆನ್ ಹಾಳೆಯತ್ತ ಬಾಗಿ, ಗಂಡ ಯಾಕೆ ಬರಲಿಲ್ಲವಂತೆ ಎಂದು ಮೆಲ್ಲಗೆ ಕೇಳಿದ.

"ಅವನ ಕಾಲು ಮುರಿದಿದೆಯಲ್ಲಪ್ಪ, ಹೇಗೆ ಬರ್ತಾನೆ?" ಎಂದ ದಲ್ಲಾಳಿ.

"ಅವಳಿಗೆ ಗೊತ್ತಾ?"

"ಹೊರೆಯವರು ಆ ವರ್ಷವೇ ಬಂದು ಹೇಳಿದ್ರಲ್ಲ. ಅವಳೇ ಎಲ್ಲರ ಕೈ ಹಿಡ್ಕೊಂಡು ಬೇಡಿದ್ಲು, ನನಗೆ ಗೊತ್ತು ಅಂತ ಅವರಿಗೆ ಹೇಳಬೇಡಿ, ನಾಚಿಕೊಂಡು ಬರದೇ ಹೋದಾರು ಅಂತ."

ಮುಗೆನ್ ಕುಂಚವನ್ನು ನೀರಿಗೆ ಹಾಕಿದ. ಮಣೆಯಡಿಯಿಂದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟು ಅದನ್ನೇ ನೋಡಿದ.

"ಹಾಗಾದ್ರೆ ಇಷ್ಟು ವರ್ಷ ನಾನು ಇದನ್ನ ಯಾರಿಂದ ಮುಚ್ಚಿಟ್ಟೆ?" ಎಂದ.

ಆಮೇಲೆ ಅತ್ತ. ನಾವು ಯಾರೂ ತಲೆ ಎತ್ತಲಿಲ್ಲ. ದಲ್ಲಾಳಿಗೆ ಆಗ ಅರ್ಥವಾಗಿ ಮುಖ ಪೆಚ್ಚಾಯಿತು. ಪಾಪ, ಒಳ್ಳೆಯವನು. ಈಗ ಕಾಲೇ ಬೇಕಿಲ್ಲ ಅಣ್ಣಾ, ಫೂಚೌ ತನಕ ಹಡಗು, ಅಲ್ಲಿಂದ ಊರ ಬುಡದ ತನಕ ದೋಣಿ, ನನ್ನ ಜೊತೆ ಬಾ ಎಂದ.

ಮರುದಿನ ಅವನ ಗಂಟು ಹೊತ್ತು ನಾನೇ ದಡಕ್ಕೆ ಹೋದೆ. ಹಡಗಿಗೆ ಮುಟ್ಟಿಸುವ ದೋಣಿ ಕೆಸರಿನಲ್ಲಿ ಕೂತಿತ್ತು. ನೀರು ಏರುವ ತನಕ ಸ್ವಲ್ಪ ಕಾಯಬೇಕು ಎಂದ ಅಂಬಿಗ. ವರ್ಷ ವರ್ಷವೂ ‘ಮುಂದಿನ ವರ್ಷ’ ಎಂದವನು ಆ ಬಡಪಾಯಿಯ ಮೇಲೆ ಹರಿಹಾಯ್ದ.

"ಕಾಯೋದಾ? ನಾನಾದ್ರೆ ಕಾದೇನು ಕಣಯ್ಯಾ. ಅಲ್ಲಿ ಅವಳಿಗೆ ಉಳಿದಿರೋದು ಒಂದೇ ಕಣ್ಣು. ತಳ್ಳು ದೋಣಿನ."