ವಿರೂಪಮ್ಮನ ಗಂಟು ಬೆವರುವುದಿಲ್ಲ

ಬೆಳಗಿನ ಐದೂವರೆ. ಬಳ್ಳಾರಿಯ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ವಿರೂಪಮ್ಮ ಕತ್ತರಿಗಳ ಬಾಯಿ ಬಿಡಿಸುತ್ತಿದ್ದಾರೆ. ರಾತ್ರಿಯ ಹೆರಿಗೆಗಳಿಂದ ಬಂದ ಕತ್ತರಿ, ಇಕ್ಕಳ, ಚಿಮಟಗಳನ್ನು ಒಂದೊಂದಾಗಿ ಬಲ್ಬಿನ ಬೆಳಕಿಗೆ ಹಿಡಿದು, ಕೀಲಿನ ಸಂದಿಗೆ ಸಣ್ಣ ಬ್ರಷ್ ತೂರಿಸಿ ಉಜ್ಜುತ್ತಾರೆ.

"ಬಾಯಿ ಮುಚ್ಕೊಂಡಿದ್ದು ಕತ್ತರಿ ಆಗ್ಲಿ, ಮನುಷ್ಯಾ ಆಗ್ಲಿ, ಒಳಗ ಏನೈತಿ ಅಂತ ನಂಬಾಕ ಬರಂಗಿಲ್ರಿ" ಎಂದು ನಗುತ್ತಾರೆ.

ತೊಳೆದದ್ದನ್ನು ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ ಆಟೋಕ್ಲೇವ್ ಎಂಬ ಉಗಿಯಂತ್ರಕ್ಕೆ ಏರಿಸಬೇಕು. ದಿನಕ್ಕೆ ನಲವತ್ತು ಗಂಟು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳ ಜೊತೆ ಹನ್ನೊಂದು ವರ್ಷದ ಕದನ. ಬಾದನಹಟ್ಟಿಯಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದ ಕೈಗಳಿವು. ಗಂಡ ತೀರಿದ ಮೇಲೆ ಕೌಲ್ ಬಜಾರಿನಲ್ಲೊಂದು ಕೋಣೆ, ಇಲ್ಲಿ ಗುತ್ತಿಗೆಯ ಕೆಲಸ. ಗಾಯ ಮಾಯ್ದರೆ ಡಾಕ್ಟರ ಕೈಗುಣ. ಕೀವು ಕಟ್ಟಿದರೆ ಮಾತ್ರ ನೆಲಮಾಳಿಗೆಯವರ ನೆನಪು. ಲೋಕದ ನ್ಯಾಯವೇ ಅಷ್ಟು.

ಹೋದ ಮಳೆಗಾಲದಲ್ಲಿ ಹಾಗೆ ನೆನಪಾಯಿತು. ಬಾಣಂತಿಯರ ಹೊಲಿಗೆಗಳು ಮೇಲಿಂದ ಮೇಲೆ ಕೀವು ಕಟ್ಟಿದವು. ಎಂಜಿನಿಯರ್ ಬಂದು ಯಂತ್ರ ಸರಿಯಿದೆ ಎಂದು ಹೋದ. ಗುತ್ತಿಗೆದಾರ ವಿರೂಪಮ್ಮನ ಕೈಗೆ ನೋಟಿಸ್ ಕೊಟ್ಟ. ಅದೇ ಸಂಜೆ ಮನೆಯಲ್ಲಿ, ತಲೆ ಎಲ್ಲೋ ಇಟ್ಟುಕೊಂಡು, ಬಿಸಿ ಜೋಳದ ರೊಟ್ಟಿಯನ್ನು ಬುಟ್ಟಿಗೆ ಹಾಕುವ ಬದಲು ತಣ್ಣನೆಯ ಕಲ್ಲಿನ ಮೇಲೆ ಇಟ್ಟುಬಿಟ್ಟರು. ಎತ್ತಿದರೆ ಅಡಿ ಒದ್ದೆ.

"ಎದಿ ಧಸಕ್ ಅಂತ್ರಿ. ಇಲ್ಲೂ ಬಿಸಿ ಗಂಟು ತಗದು ಕಡಪಾ ಕಲ್ಲಿನ ಮ್ಯಾಲೇ ಇಡ್ತಿದ್ವಿ. ಗಂಟು ಬೆವರ್ತಿತ್ತು. ಒದ್ದಿ ಬಟ್ಟಿ ಅಂದ್ರ ಹುಳಕ್ಕ ಬಾಗ್ಲ ತೆರ್ದಂಗ. ನಾವಽ ಬೇಯ್ಸಿದ್ದನ್ನ ನಾವಽ ಕೆಡಿಸ್ತಿದ್ವಿ."

ಮರುದಿನವೇ ಜಗಳವಾಡಿ ತಂತಿಯ ಸ್ಟ್ಯಾಂಡ್ ತರಿಸಿದರು. ಅರ್ಧ ಗಂಟೆ ಆರುವವರೆಗೆ ಗಂಟು ಯಾರೂ ಮುಟ್ಟುವಂತಿಲ್ಲ. ಹೊಲಿಗೆಗಳು ಒಣಗತೊಡಗಿದವು. ನೋಟಿಸನ್ನು ಎಲ್ಲರೂ ಮರೆತರು. ತಪ್ಪಾಯಿತು ಅಂತ ಒಬ್ಬರೂ ಅನ್ನಲಿಲ್ಲ.

ಇಂದು ಎಂಟು ಗಂಟೆಗೆ ಸಿರುಗುಪ್ಪದ ಶಶಿರೇಖಾಳಿಗೆ ಸಿಸೇರಿಯನ್. ಮೊದಲ ಹೆರಿಗೆ ಬೇರೆಲ್ಲೋ ಆಗಿ, ಹೊಲಿಗೆ ಕೆಟ್ಟು ಎರಡು ತಿಂಗಳು ನರಳಿದವಳು. ವಿರೂಪಮ್ಮನಿಗೆ ಅದು ಗೊತ್ತು. ವಾರ್ಡಿನ ಮಾರೇಶ್ ಬಂದವನೇ ಬಿಸಿ ಗಂಟಿಗೆ ಕೈ ಹಾಕುತ್ತಾನೆ.

"ಲೇ ಮಾರೇಶಾ, ಕೈ ತಗಿ. ಇನ್ನಾ ಹತ್ತು ನಿಮಿಷ."

"ಯಕ್ಕಾ, ಮೇಲೆ ಮೇಡಂ ಕತ್ತಿ ಮಸೀತಾ ಅದಾರ."

"ಕತ್ತಿ ನನ್ನ ಗಂಟಿನ್ಯಾಗ ಐತಿ. ಏನ್ ಮಸೀತಾರ?"

ಸರ್ಜನ್ ರಶ್ಮಿ ಗಡಿಯಾರ ನೋಡುತ್ತ ತಾವೇ ಇಳಿದು ಬರುತ್ತಾರೆ. ಅವರದೊಂದು ದೂರು ಹೋದರೆ ನಾಳೆ ಈ ಕೆಲಸವಿಲ್ಲ. ವಿರೂಪಮ್ಮ ಸ್ಟ್ಯಾಂಡಿಗೆ ಅಡ್ಡ ನಿಲ್ಲುತ್ತಾರೆ.

"ಬೈರಿ ಮೇಡಂ. ಗಂಟು ಆರೋತನಕ ಬೈರಿ, ಹೊತ್ತು ಹೋಗ್ತೈತಿ."

ಡಾಕ್ಟರು ನಗು ತಡೆಯಲಾರದೆ ಸ್ಟೂಲ್ ಎಳೆದು ಕೂರುತ್ತಾರೆ. ಹತ್ತು ನಿಮಿಷದ ಮೇಲೆ ವಿರೂಪಮ್ಮ ಗಂಟಿನ ಅಡಿಗೆ ಅಂಗೈ ಒತ್ತಿ ನೋಡುತ್ತಾರೆ. ಒಣ. "ಈಗ ಒಯ್ರಿ."

ಒಂಬತ್ತೂವರೆಗೆ ರಕ್ತ ಮೆತ್ತಿದ ಟ್ರೇ ಮರಳುತ್ತದೆ. ನೆಲಮಾಳಿಗೆಗೆ ಕೂಸಿನ ಅಳು ಕೇಳಿಸದು. ಇಲ್ಲಿಗೆ ಸುದ್ದಿ ತರುವುದು ಹೊಕ್ಕುಳಬಳ್ಳಿಯ ಕತ್ತರಿ. "ಇದು ಬಂತಂದ್ರ ಕೂಸು ಬಂದಂಗ" ಎನ್ನುತ್ತ ಅದರ ಬಾಯಿ ಬಿಡಿಸಿ ನೀರಿಗೆ ಹಿಡಿಯುತ್ತಾರೆ.

ಎಂಟನೇ ದಿನ ವಿರೂಪಮ್ಮ ಮೆಟ್ಟಿಲು ಹತ್ತಿ ವಾರ್ಡಿಗೆ ಬರುತ್ತಾರೆ. ಹೊಲಿಗೆ ಬಿಚ್ಚಿಸಿಕೊಂಡ ಶಶಿರೇಖಾ ಮಗಳಿಗೆ ಹಾಲೂಡಿಸುತ್ತಿದ್ದಾಳೆ.

"ಹೊಲಿಗಿ ಒಣಗೈತೇನವ್ವಾ?"

"ಒಣಗೈತ್ರಿ. ಒಂದ್ ಹನಿ ಕೀವಿಲ್ಲ. ನೀವ್ಯಾರ್ರಿ, ಆಯಾನ?"

ವಿರೂಪಮ್ಮ ಸೆರಗಿಗೆ ಕೈ ಒರೆಸಿಕೊಂಡು, ಬಗ್ಗಿ ಕೂಸಿನ ಹೊಕ್ಕುಳ ನೋಡುತ್ತಾರೆ. ಅದೂ ಒಣಗಿದೆ.

"ಅಲ್ಲವ್ವಾ. ಇದರ ಹೊಕ್ಕುಳಬಳ್ಳಿ ಕೊಯ್ದ ಕತ್ತರಿ ಐತಲ್ಲ, ಅದು ನಂದು."