ಮಿಷನ್ನಿಗೆ ಕಲಿಸಿದ ಅಂಕಿಗಳು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಚನ್ನಗಿರಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ಪಂಪ್‌ಸೆಟ್ಟಿನ ಬೀಡುಕಬ್ಬಿಣದ ಮುಚ್ಚಳಗಳಿಗೆ ತೂತು ಕೊರೆಯುವುದು ಅಲ್ಲಿಯ ಮುಖ್ಯ ಕೆಲಸ. ಸಾಹುಕಾರರು ಎಲ್ಲಿಂದಲೋ ಸೆಕೆಂಡ್‌ಹ್ಯಾಂಡ್ ಆಟೋಮ್ಯಾಟಿಕ್ ಮಿಷನ್ ತಂದಿದ್ದರು. ಅದನ್ನು ನೋಡಿಕೊಳ್ಳಲು ನ್ಯಾಮತಿಯಿಂದ ಬಂದ ಡಿಪ್ಲೊಮಾ ಹುಡುಗಿ ನಾನು. ಕಂಟ್ರೋಲರ್ ಅಂದರೆ ಬಸ್ಸಿನ ಟೈಮು ಹೇಳುವವನು ಎಂದಷ್ಟೇ ಊರಿಗೆ ಗೊತ್ತಿದ್ದ ಕಾಲ. ನನಗೆ ಜಂಭ ಇತ್ತು, ಇಲ್ಲವೆನ್ನಲಾರೆ.

ಮಿಷನ್ನಿನ ಮೇಜು ಎಡಬಲಕ್ಕೂ ಹಿಂದೆಮುಂದಕ್ಕೂ ಸರಿಯುತ್ತಿತ್ತು. ಯಾವಾಗ ಸರಿಯಬೇಕೆಂದು ಪ್ಯಾನೆಲ್ ಪೆಟ್ಟಿಗೆಯೊಳಗಿನ ಕಂಟ್ರೋಲರ್ ಹೇಳುತ್ತಿತ್ತು. ಎಷ್ಟು ಸರಿದು ಎಲ್ಲಿ ನಿಲ್ಲಬೇಕೆಂಬುದನ್ನು ಅದರ ಪಕ್ಕದ ಮೋಷನ್ ಮಾಡ್ಯೂಲ್ ನೋಡಿಕೊಳ್ಳುತ್ತಿತ್ತು. ನಿಲ್ಲುವ ಜಾಗದ ಅಂಕಿಗಳು ಎರಡರಲ್ಲೂ ಇರುತ್ತಿದ್ದವು. ಸ್ವಿಚ್ ಹಾಕಿದ ಕೂಡಲೇ ಕಂಟ್ರೋಲರ್ ತನ್ನ ಅಂಕಿಗಳನ್ನು ಮಾಡ್ಯೂಲಿಗೆ ಕಳಿಸುವಂತೆ ಪ್ರೋಗ್ರಾಂ ಬರೆದವಳು ನಾನೇ. ಡ್ರಾಯಿಂಗ್ ನೋಡಿ ಹಾಕಿದ ಅಂಕಿಗಳು, ಕಾಗದದ ಮೇಲೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆದರೆ ಎರಕದ ಮುಚ್ಚಳಗಳು ಡ್ರಾಯಿಂಗಿನಂತೆ ಬರುತ್ತಿರಲಿಲ್ಲ. ಮಿಷನ್ ನಡೆಸುತ್ತಿದ್ದ ಆಪರೇಟರ್ ಜಗಳೂರು ಕಡೆಯವರು, ಹಳೆಯ ಡ್ರಿಲ್ಲಿನ ಮುಂದೆ ನಿಂತೇ ತಲೆ ನರೆತವರು. ಬಟನ್ ಒತ್ತಿ ಮೇಜನ್ನು ಚೂರುಚೂರೇ ಸರಿಸಿ, ಭೂತಗನ್ನಡಿ ಹಿಡಿದು ನೋಡಿ, ಒಂದೊಂದು ತೂತಿನ ಜಾಗವನ್ನೂ ಅವರು ಮಾಡ್ಯೂಲಿಗೆ ಹೊಸದಾಗಿ ಕಲಿಸಿದರು. ಎರಡು ವಾರ ಹಿಡಿಯಿತು. ಆಮೇಲೆ ಒಂದು ಮುಚ್ಚಳವೂ ಕೆಡಲಿಲ್ಲ. ಆ ಹೊಸ ಅಂಕಿಗಳನ್ನು ಮಾಡ್ಯೂಲಿನಿಂದ ಕಂಟ್ರೋಲರಿಗೆ ನಕಲು ಮಾಡಿಡುವುದು ನನ್ನ ಕೆಲಸ, ಅರ್ಧ ದಿನದ್ದು. ಕರೆಂಟಿನ ಕಾಟಕ್ಕೆಂದು ಪ್ಯಾನೆಲ್ಲಿಗೆ ಎರಡು ಲಾರಿ ಬ್ಯಾಟರಿ ಕಟ್ಟಿದ್ದೆವು, ಅದು ಆಫ್ ಆಗುತ್ತಲೇ ಇರಲಿಲ್ಲ. ನಾಳೆ ಮಾಡಿದರಾಯಿತು ಎಂದುಕೊಂಡೆ.

ಆಯುಧಪೂಜೆ ಬಂತು. ಅಂದು ಆಯುಧಕ್ಕೆ ಪೂರ್ತಿ ವಿಶ್ರಾಂತಿ ಇರಬೇಕೆಂದು ಆಪರೇಟರ್ ಮೇನ್ ಸ್ವಿಚ್ ಆರಿಸಿ ಬ್ಯಾಟರಿಯ ವೈರನ್ನೂ ಬಿಚ್ಚಿದರು. ಬ್ಯಾಟರಿಗಳಿಗೂ ವಿಭೂತಿ ಬಳಿದು ಹೂವಿಟ್ಟರು. ನಾನು ಪಕ್ಕದಲ್ಲೇ ನಿಂತು ಮಂಡಕ್ಕಿ ತಿನ್ನುತ್ತಿದ್ದೆ, ಏನೂ ಹೊಳೆಯಲಿಲ್ಲ. ಮರುದಿನ ಆಪರೇಟರ್ ವೈರು ಮತ್ತೆ ಕಟ್ಟಿ, ಶಾಸ್ತ್ರಕ್ಕೆಂದು ಸಾಹುಕಾರರ ಎದುರು ಒಂದು ಮುಚ್ಚಳ ಇಟ್ಟು ಮಿಷನ್ ಶುರು ಮಾಡಿದರು. ಡ್ರಿಲ್ ಬಿಟ್ ಅಂಚಿಗೆ ಬಡಿದು ಪಟ್ಟನೆ ಮುರಿಯಿತು.

"ಬ್ಯಾಟರಿ ಬಿಚ್ಚಾಕೆ ಯಾರು ಹೇಳಿದ್ರು ನಿನಗೆ?" ಎಂದರು ಸಾಹುಕಾರರು. "ಮಿಷನ್ ಕೆಡಿಸಿ ಇಟ್ಟೆ. ನಾಳೆಯಿಂದ ಬರಬ್ಯಾಡ."

"ತಪ್ಪಾತ್ರಿ," ಎಂದು ಆಪರೇಟರ್ ತಲೆ ತಗ್ಗಿಸಿ ಹೊರಟರು.

ಮಾಡ್ಯೂಲ್ ತೆರೆದು ನೋಡಿದೆ. ನನ್ನ ಹಳೆಯ ಅಂಕಿಗಳು ಸಾಲಾಗಿ ಕೂತಿದ್ದವು. ಸ್ವಿಚ್ ಹಾಕಿದ ಕೂಡಲೇ ನನ್ನ ಪ್ರೋಗ್ರಾಂ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿ, ಅವರ ಎರಡು ವಾರದ ದುಡಿಮೆಯನ್ನು ಅಳಿಸಿಹಾಕಿತ್ತು. ಆಗಲೇ ಬಾಯಿ ಬಿಡಬೇಕಿತ್ತು. ನನ್ನ ಕೆಲಸ ಹೋದೀತೆಂದು ಹೆದರಿ ಸುಮ್ಮನಿದ್ದೆ. ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಸಾಹುಕಾರರ ಮುಂದೆ ನಿಂತು ಎಲ್ಲ ಹೇಳಿದೆ.

"ಓದಿದೋರ ಕೈಯಾಗೂ ಒಮ್ಮೊಮ್ಮೆ ಹಿಂಗಾಗ್ತೈತೆ, ಬಿಡ್ರಿ ಮೇಡಂ," ಎಂದು ನನಗೆ ಚಹಾ ತರಿಸಿದರು. "ಅವನಿಗೆ ಬರಾಕೆ ಹೇಳ್ರಿ." ಅದೇ ತಪ್ಪಿಗೆ ಆಪರೇಟರಿಗೆ ಬಾಗಿಲು, ನನಗೆ ಚಹಾ. ಲೋಟ ಅಲ್ಲೇ ಬಿಟ್ಟು ಹೊರಟೆ.

ನಾನೇ ಅವರ ಮನೆಗೆ ಹೋದೆ. "ಕೆಲ್ಸಕ್ಕೆ ಹೋಗ್ಯಾರಲ್ರೀ, ಬುತ್ತಿ ಕಟ್ಕೊಂಡು?" ಎಂದರು ಅವರ ಹೆಂಡತಿ. ಏನೋ ಒಂದು ಹೇಳಿ ಅಲ್ಲಿಂದ ಹೊರಟೆ. ಊರೆಲ್ಲ ಹುಡುಕಿದ ಮೇಲೆ ಕೆರೆ ಏರಿಯ ಮೇಲೆ ಸಿಕ್ಕರು. ಬುತ್ತಿ ಪಕ್ಕದಲ್ಲೇ ಇತ್ತು, ಗಂಟು ಬಿಚ್ಚಿರಲಿಲ್ಲ. ತಪ್ಪು ನನ್ನದೆಂದೂ ಸಾಹುಕಾರರು ಬರಹೇಳಿದ್ದಾರೆಂದೂ ಹೇಳಿದೆ.

"ಮನ್ಯಾಗೆ ಹೇಳಿದ್ರೇನು?" ಎಂದರು.

"ಇಲ್ಲ ಅಣ್ಣಾರೆ."

"ನಿಮಗೆ ಯಾವಾಗ ಗೊತ್ತಾತು?"

"ಅವತ್ತೇ."

ಬುತ್ತಿ ಎತ್ತಿಕೊಂಡು ಎದ್ದರು. ವರ್ಕ್‌ಶಾಪಿನವರೆಗೂ ಇಬ್ಬರೂ ನಡೆದೇ ಬಂದೆವು. ಅವರು ಮುಂದೆ, ನಾನು ಹಿಂದೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನಿಸುತ್ತದೆ.