ಡೀಸೆಲಣ್ಣ ಕೂಡಿಟ್ಟ ಸಾಮಾನು

ಭಾನುವಾರ ಬಂತೆಂದರೆ ಟೈಲರಕ್ಕನಿಗೆ ಒಳಗೊಳಗೇ ಮುನಿಸು. ಬೇರೆಯವರ ಗಂಡಂದಿರು ರಜೆಯ ದಿನ ಹೆಂಡತಿಯನ್ನು ಕರೆದುಕೊಂಡು ಅಲ್ಲಿ ಇಲ್ಲಿ ಸುತ್ತಾಡಿದರೆ, ಅವಳ ಗಂಡ ಎದ್ದವನೇ ಕೈಚೀಲ ಸುತ್ತಿಕೊಂಡು ಗುಜರಿ ಬೀದಿಯ ದಾರಿ ಹಿಡಿಯುತ್ತಿದ್ದ. ವಾಪಸು ಬರುವಾಗ ಚೀಲದ ತುಂಬ ಕಬ್ಬಿಣ, ಮುಖದ ತುಂಬ ನಗು.

“ಇವತ್ತು ಯಾರು ಬಂದ್ರು ನಮ್ಮನೆಗೆ?” ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಕೇಳುತ್ತಿದ್ದಳು.

“ಸೆಲ್ಫ್ ಮೋಟಾರು ಕಣೇ. ಹಿಂದಿನಿಂದ ಲಾರಿ ಗುದ್ದಿದ್ದ ಗಾಡೀದು. ಡಿಕ್ಕಿ ಅಪ್ಪಚ್ಚಿಯಾಗಿದೆ, ಇಂಜಿನ್ನಿಗೆ ಒಂದು ಗೀರೂ ಬಿದ್ದಿಲ್ಲ.”

“ಇದರ ಅಕ್ಕ ತಂಗಿ ಇಬ್ರು ಆಗ್ಲೇ ಒಳಗೆ ಕೂತಿದ್ದಾರಲ್ರೀ.”

“ಇರ್ಲಿ ಬಿಡೇ. ಬೇಕು ಅಂದಾಗ ಸಿಗಲ್ಲ.”

ಆ ಮಾತು ಬಂದರೆ ಟೈಲರಕ್ಕನ ಯಂತ್ರ ಸ್ವಲ್ಪ ಜೋರಾಗಿ ಓಡುತ್ತಿತ್ತು.

ಗಂಡನದು ಬಾಡಿಗೆ ಕಾರಿನ ಕಸುಬು. ಕಾರು ಹಳೆಯ ಡೀಸೆಲ್ ಗಾಡಿ. ಅದನ್ನು ಮಾಡುತ್ತಿದ್ದ ಕಂಪನಿಯೇ ಆ ಮಾದರಿಯನ್ನು ಕೈಬಿಟ್ಟು ಬಹಳ ಕಾಲವಾಗಿತ್ತು. ಅದು ಬೀದಿಯ ತುದಿಯಲ್ಲಿ ತಿರುಗಿದರೆ ಈ ತುದಿಯ ಮನೆಯವರಿಗೆ ಸದ್ದು ಕೇಳುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಡೀಸೆಲಣ್ಣನಾದ. ಅವಳು ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವವಳಾದ್ದರಿಂದ ಟೈಲರಕ್ಕ.

ಗುಜರಿಯಲ್ಲಿ ಡೀಸೆಲಣ್ಣ ಯಾರೋ ಹೇಳಿದರೆಂದು ನಂಬಿ ಯಾವುದನ್ನೂ ಕೊಂಡವನಲ್ಲ. ಪಂಪನ್ನು ಕೈಯಲ್ಲೇ ತಿರುಗಿಸಿ, ಎಲ್ಲಾದರೂ ತಡೆಯುತ್ತದೆಯೇ ಎಂದು ಕಣ್ಣು ಮುಚ್ಚಿ ನೋಡುತ್ತಿದ್ದ. ರಬ್ಬರ್ ಪೈಪನ್ನು ಬಗ್ಗಿಸಿ ಬಿರುಕು ಹುಡುಕುತ್ತಿದ್ದ. ಇದು ಯಾವ ಗಾಡಿಯದು, ಇಲ್ಲಿಗೇಕೆ ಬಂತು, ನೀರಲ್ಲಿ ಮುಳುಗಿತ್ತೇ, ಬೆಂಕಿ ಬಿದ್ದಿತ್ತೇ ಎಂದು ವಿಚಾರಣೆ ಬೇರೆ. “ಮನೆಗೆ ಸೊಸೆ ತರೋರೂ ಇಷ್ಟು ಕೇಳಲ್ಲ ಸ್ವಾಮಿ,” ಎಂದು ಅಂಗಡಿಯವನು ನಗುತ್ತಿದ್ದ.

ಮನೆಗೆ ತಂದದ್ದಕ್ಕೆ ಹಿತ್ತಿಲ ಮೆಟ್ಟಿಲಲ್ಲಿ ಸ್ನಾನ. ಡೀಸೆಲಿನಲ್ಲಿ ತೊಳೆದು, ಬ್ರಷ್ಷಿನಿಂದ ಉಜ್ಜಿ, ಒರೆಸಿ, ತೆಳ್ಳಗೆ ಗ್ರೀಸು ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಿದ್ದ. ಧೂಳು ಹೋಗದ ಹಾಗೆ ತೂತುಗಳ ಬಾಯಿಗೆ ಹೆಂಡತಿಯ ಹೊಲಿಗೆಯ ಚಿಂದಿ ತುರುಕುತ್ತಿದ್ದ. ರಬ್ಬರಿನ ಸಾಮಾನೆಲ್ಲ ಬಿಸಿಲು ತಾಗದ ಡಬ್ಬಕ್ಕೆ. ಇಂಜಿನ್ನಿನ ಭಾಗಗಳ ನಡುವೆ ಕೂರುವ ತೆಳು ಗ್ಯಾಸ್ಕೆಟ್ ಹಾಳೆ ಮಡಚಿಕೊಳ್ಳಬಾರದೆಂದು ಅದನ್ನು ತಮ್ಮ ಹಾಸಿಗೆಯ ಕೆಳಗೇ ಹರಡಿಟ್ಟಿದ್ದ. “ನಾವಿಬ್ರೂ ಇಂಜಿನ್ ಮೇಲೇ ಮಲಗೋದು,” ಎಂದು ಟೈಲರಕ್ಕ ಗಿರಾಕಿಗಳನ್ನು ನಗಿಸುತ್ತಿದ್ದಳು. ಅವಳು ಹೊಲಿದ ಬಟ್ಟೆಗೂ ಡೀಸೆಲ್ ವಾಸನೆ ಅಂಟಿ, ಶಾಲೆಯ ಟೀಚರೊಬ್ಬರು “ನಮ್ಮ ಮಕ್ಕಳು ಪೆಟ್ರೋಲ್ ಬಂಕಿನಿಂದ ಬಂದ ಹಾಗಿರ್ತಾರಲ್ರೀ” ಎಂದು ಹೇಳಿ ಕಳಿಸಿದ್ದೂ ಉಂಟು.

ಉಳಿದದ್ದೆಲ್ಲ ಹಜಾರದ ಪಕ್ಕದ ಪುಟ್ಟ ಕೋಣೆಯಲ್ಲಿತ್ತು. ಆ ಕೋಣೆಗೆ ತಿಳಿ ಹಳದಿ ಬಣ್ಣ ಬಳಿದವಳು ಟೈಲರಕ್ಕನೇ. ಆಗ ಅವಳು ತುಂಬಿದ ಬಸುರಿ.

ನೋವು ಶುರುವಾದ ದಿನ ಇದೇ ಕಾರಿನಲ್ಲಿ ಆಸ್ಪತ್ರೆಗೆ ಹೊರಟಿದ್ದರು. ಪಕ್ಕದ ಮನೆಯ ದೊಡ್ಡಮ್ಮ ಜೊತೆಗಿದ್ದಳು. ಹಿಟ್ಟಿನ ಗಿರಣಿಯ ತಿರುವಿನಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತಿತು. ಇಂಜಿನ್ನಿಗೆ ಡೀಸೆಲ್ ಎಳೆದುಕೊಡುವ ಪುಟ್ಟ ಪಂಪಿನೊಳಗಿನ ರಬ್ಬರು ಹರಿದಿತ್ತು. ಬಾನೆಟ್ ಎತ್ತಿದ ಕೂಡಲೇ ಅವನಿಗೆ ಅದು ಗೊತ್ತಾಯಿತು. ಕೈಯಲ್ಲಿ ಬದಲಿ ಸಾಮಾನಿರಲಿಲ್ಲ. ದಾರಿಯಲ್ಲಿ ಬರುತ್ತಿದ್ದ ತರಕಾರಿ ಗಾಡಿಗೆ ಅಡ್ಡ ನಿಂತು ಹೆಂಡತಿಯನ್ನೂ ದೊಡ್ಡಮ್ಮನನ್ನೂ ಹತ್ತಿಸಿದ. ಚಾಲಕನ ಪಕ್ಕ ಮತ್ತೊಬ್ಬರಿಗೆ ಜಾಗವಿರಲಿಲ್ಲ, ಹಿಂದೆ ಮೂಟೆ ತುಂಬಿತ್ತು. “ನೀವು ನಡೀರಿ, ಹಿಂದೇನೇ ಬಂದೆ,” ಎಂದ. ಅಂಗಡಿ ಅಂಗಡಿ ಓಡಿದ. ಎಲ್ಲಿಯೂ ಆ ಪಂಪು ಸಿಗಲಿಲ್ಲ. ಕೊನೆಗೆ ಕತ್ತಲಾದ ಮೇಲೆ ಬೇರೆ ಗಾಡಿ ಹಿಡಿದು ಅವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುದ್ದಿ ತಿಳಿದು ಬಂದಿದ್ದ ಹೆಂಡತಿಯ ಅಣ್ಣ ಮಗುವನ್ನು ಮಣ್ಣು ಮಾಡಿ ಬಂದು, ಬಾಗಿಲಲ್ಲಿ ಕೈ ತೊಳೆಯುತ್ತಿದ್ದ.

“ಮಗು ಬೆಳಿಗ್ಗೆಯೇ ಹೊಟ್ಟೆಯೊಳಗೇ ತೀರಿಹೋಗಿತ್ತು. ನೀವು ಎಷ್ಟು ಬೇಗ ಬಂದಿದ್ರೂ ಏನೂ ಮಾಡೋಕಾಗ್ತಿರಲಿಲ್ಲ,” ಎಂದು ಡಾಕ್ಟರಮ್ಮ ಅವನನ್ನು ಕೂರಿಸಿಕೊಂಡು ಹೇಳಿದರು. ಅವನು ತಲೆಯಾಡಿಸಿದ. ಮುಂದಿನ ಭಾನುವಾರ ಗುಜರಿಯಿಂದ ಅದೇ ಪಂಪು ತಂದ. ಅದರ ಮುಂದಿನ ವಾರ ಅಂಥದೇ ಇನ್ನೊಂದು.

ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಹಳದಿ ಗೋಡೆ ಕಾಣದಷ್ಟು ಸಾಮಾನು ಬೆಳೆಯಿತು. “ಡಾಕ್ಟರಮ್ಮ ಹೇಳಿದ್ದು ಮರೆತ್ರಾ?” ಎಂದು ಅವಳು ಯಾವಾಗಲಾದರೂ ಕೇಳಿದರೆ, “ಸಮಾಧಾನಕ್ಕೆ ಎಲ್ರೂ ಹಾಗೇ ಹೇಳ್ತಾರೆ,” ಎಂದು ಎದ್ದು ಹೋಗುತ್ತಿದ್ದ.

ಹೀಗಿರುವಾಗ ಟೈಲರಕ್ಕನ ಕೊನೆಯ ತಂಗಿ ಬಸುರಾದಳು. ಅವಳ ಗಂಡನಿಗೆ ಹಡಗಿನಲ್ಲಿ ಕೆಲಸ. ಮನೆಯಿಂದ ಆಸ್ಪತ್ರೆ ಬಲು ದೂರ. “ಅಕ್ಕ, ದಿನ ತುಂಬೋವರೆಗೆ ನಿಮ್ಮನೇಲಿ ಇರ್ಲಾ?” ಎಂದು ಫೋನು ಮಾಡಿದಳು. ಟೈಲರಕ್ಕ ಅದನ್ನೇ ಗಂಡನಿಗೆ ಹೇಳಿ ಅವನ ಮುಖ ನೋಡಿದಳು. ಅವನು ಎದ್ದು ಹೋಗಿ ಪುಟ್ಟ ಕೋಣೆಯಿಂದ ಒಂದೊಂದೇ ಸಾಮಾನನ್ನು ಜಗುಲಿಗೆ ಹೊರತೊಡಗಿದ. ಗೋಡೆಯ ಹಳದಿ ಮಾಸಿರಲಿಲ್ಲ. ಅದನ್ನು ಕಂಡು ಇಬ್ಬರೂ ಬೇರೆ ಬೇರೆ ಕೆಲಸ ಹುಡುಕಿಕೊಂಡರು.

ತಂಗಿ ಬಂದ ಮೇಲೆ ಡೀಸೆಲಣ್ಣ ದೂರದ ಬಾಡಿಗೆ ಒಪ್ಪಲೇ ಇಲ್ಲ. ಜಗುಲಿಯ ಗಂಟುಗಳನ್ನು ಬಿಚ್ಚಿ ಪಂಪು, ಪೈಪು, ಫಿಲ್ಟರು ಎಲ್ಲ ಬದಲಾಯಿಸಿದ. ಪ್ರತಿಯೊಂದರದೂ ಒಂದೊಂದು ಜೋಡಿ ಡಿಕ್ಕಿಯಲ್ಲಿ ತುಂಬಿಟ್ಟ. ದಿನಾ ಬೆಳಿಗ್ಗೆ ಇಂಜಿನ್ ಚಾಲೂ ಮಾಡಿ, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ.

“ಭಾವ, ನಾನು ಹೆರಿಗೆಗೆ ಹೋಗೋದೋ, ಯುದ್ಧಕ್ಕೋ?” ಎಂದು ತಂಗಿ ನಗುತ್ತಿದ್ದಳು. ಅವನೂ ನಕ್ಕಂತೆ ಮಾಡುತ್ತಿದ್ದ.

ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆಯೇ ತಂಗಿಗೆ ನೋವು ಬಂತು. ಟೈಲರಕ್ಕನ ಕೈ ತಾನಾಗಿ ಫೋನಿನ ಕಡೆ ಹೋಯಿತು. ಗಂಡನಿಗೆ ತಿಳಿಯದ ಹಾಗೆ ಆಂಬುಲೆನ್ಸಿನವರನ್ನು ಅವಳು ಮೊದಲೇ ಮಾತಾಡಿಸಿಟ್ಟಿದ್ದಳು. ಅಷ್ಟರಲ್ಲಿ ಹೊರಗೆ ಕಾರು ಗುಡುಗಿತು. ಕಿಟಕಿಯಿಂದ ನೋಡಿದರೆ ಅವನು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಎಂಜಲು ಕೈಯನ್ನೂ ತೊಳೆಯದೆ ಕೂತಿದ್ದ. ಅವಳಿಗೆ ಫೋನು ಮಾಡಲು ಮನಸ್ಸು ಬರಲಿಲ್ಲ.

ಗಿರಣಿಯ ತಿರುವು ಹತ್ತಿರವಾದಾಗ ಕಾರಿನಲ್ಲಿ ಇಂಜಿನ್ನಿನ ಗುಡುಗು, ತಂಗಿಯ ನರಳಾಟ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಟೈಲರಕ್ಕ ತಲೆಯೆತ್ತಿದಳು. ಕನ್ನಡಿಯಲ್ಲಿ ಗಂಡನ ಕಣ್ಣು ಕಂಡಿತು; ರೆಪ್ಪೆ ಅಲುಗಲಿಲ್ಲ. ಕಾರು ತಿರುವು ದಾಟಿತು. ಸೇತುವೆ ದಾಟಿತು. ಬೆಣ್ಣೆಯಲ್ಲಿ ಜಾರಿದ ಹಾಗೆ ಓಡಿ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿತು.

ಹೊತ್ತು ಮುಳುಗುವ ಮುಂಚೆಯೇ ಹೆಣ್ಣು ಮಗು. ದಾದಿ ತಂದು ಟೈಲರಕ್ಕನ ಕೈಗಿಟ್ಟಾಗ ಅದು ಆಸ್ಪತ್ರೆ ಕಿತ್ತುಹೋಗುವ ಹಾಗೆ ಅಳುತ್ತಿತ್ತು. ಸಂತೋಷದ ಸುದ್ದಿ ಹೇಳಲು ಗಂಡನನ್ನು ಹುಡುಕಿದರೆ ಹಜಾರದಲ್ಲಿಲ್ಲ, ಮೆಟ್ಟಿಲಲ್ಲಿಲ್ಲ. ಮಗುವನ್ನು ದಾದಿಗೆ ಕೊಟ್ಟು ಅಂಗಳಕ್ಕೆ ಬಂದಳು. ಅವನು ಕಾರಿನಲ್ಲೇ ಇದ್ದ. ಸ್ಟಿಯರಿಂಗಿಗೆ ಹಣೆ ಹಚ್ಚಿ, ಭುಜ ಕುಲುಕುತ್ತ ಅಳುತ್ತಿದ್ದ. ಅವನು ಹಾಗೆ ಅತ್ತದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

“ಎಲ್ಲ ಚೆನ್ನಾಗಾಯ್ತು ಕಣ್ರೀ. ಯಾಕ್ರೀ?”

“ಬಂದು ಮುಟ್ಟಿತಲ್ಲೇ,” ಎಂದ. “ಒಂದು ಸಲಾನೂ ಕೆಮ್ಮದೆ ಬಂದು ಮುಟ್ಟಿತಲ್ಲೇ. ಅವತ್ತೂ ಹೀಗೇ ಬರಬಹುದಿತ್ತಲ್ಲೇ.”

ಅವಳು ಪಕ್ಕದ ಸೀಟಿನಲ್ಲಿ ಕೂತಳು. ಡಾಕ್ಟರಮ್ಮನ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ಅವನ ಬೆನ್ನ ಮೇಲೆ ಕೈಯಿಟ್ಟಳು.

ತಂಗಿ ಮಗುವಿನೊಂದಿಗೆ ತನ್ನ ಮನೆಗೆ ಹೋದ ಮೇಲೆ ಮನೆ ಭಣಗುಟ್ಟತೊಡಗಿತು. ಭಾನುವಾರ ಬಂದರೂ ಡೀಸೆಲಣ್ಣ ಚೀಲ ಮುಟ್ಟಲಿಲ್ಲ. ಜಗುಲಿಯ ಸಾಮಾನನ್ನು ಒಳಗೆ ತರಲೂ ಇಲ್ಲ; ಹಳೆಯ ಗಾಡಿ ಇಟ್ಟುಕೊಂಡ ಬೇರೆ ಚಾಲಕರು ಬಂದು ಕೇಳಿದರೆ ತಾನೇ ಹುಡುಕಿ ತೆಗೆದು ಕೊಡುತ್ತಿದ್ದ. ಮಾತು ಮಾತ್ರ ಕಡಿಮೆಯಾಯಿತು. ಊಟ ಅರ್ಧಕ್ಕೇ ನಿಂತಿತು. ಇಷ್ಟು ದಿನ ಸಾಮಾನು ಸಾಕೆಂದು ಸಿಡುಕುತ್ತಿದ್ದ ಟೈಲರಕ್ಕ, “ಒಂದು ಸುತ್ತು ಗುಜರಿಗಾದ್ರೂ ಹೋಗಿಬನ್ರೀ,” ಎಂದು ಅಂಗಲಾಚುವಂತಾಯಿತು.

ಒಂದು ಸಂಜೆ ಅವಳು ನೋಡಿದಾಗ ಅವನು ಪುಟ್ಟ ಕೋಣೆಯ ಬರಿಯ ನೆಲದಲ್ಲಿ ಗೋಡೆಗೊರಗಿ ಕೂತಿದ್ದ. ಅವಳೂ ಹೋಗಿ ಎದುರು ಕೂತಳು.

“ನೀನು ನೋಡಿದ್ದೆ ಅಲ್ವಾ?” ಎಂದ. “ನಮ್ಮ ಮಗೂನ.”

ಇಷ್ಟು ವರ್ಷದಲ್ಲಿ ಅವನು ಈ ಮಾತು ಕೇಳಿದ್ದು ಅದೇ ಮೊದಲು. ಅವನು ಮಗುವಿನ ಮುಖ ನೋಡೇ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ಅವನಾಗಿ ಕೇಳದೆ ತಾನು ಹೇಗೆ ಹೇಳುವುದೆಂದು ಅವಳೂ ಬಾಯಿ ಬಿಟ್ಟಿರಲಿಲ್ಲ.

“ನೋಡಿದ್ದೆ.”

“ಹೇಗಿದ್ಲು?”

“ತಲೆ ತುಂಬ ಕೂದಲು ಕಣ್ರೀ. ಒದ್ದೆಯಾಗಿ ಹಣೆಗೆ ಅಂಟಿತ್ತು. ಮೂಗು ನಮ್ಮ ಕಡೇದು, ಮೊಂಡು. ಕಿವಿ ನಿಮ್ದೇ, ತುದಿ ಒಳಕ್ಕೆ ಮಡಚಿತ್ತು. ಕೈ ಮುಷ್ಟಿ ಕಟ್ಟಿದ್ಲು. ನಾನು ಬಿಡಿಸಿ ನೋಡ್ದೆ. ಬೆರಳು ಉದ್ದ.”

ಅವನು ತನ್ನ ಕಿವಿಯನ್ನು ಮುಟ್ಟಿ ನೋಡಿಕೊಂಡ. ಕಣ್ಣೀರು ಗಡ್ಡದಿಂದ ಅಂಗಿಗೆ ಇಳಿಯುತ್ತಿದ್ದರೂ ಒರೆಸಲಿಲ್ಲ.

“ಬಣ್ಣ?”

“ನನಗಿಂತ ಕಪ್ಪು. ನಿಮ್ಮಷ್ಟಿಲ್ಲ.”

ಅಳುವಿನ ನಡುವೆಯೇ ಅವನಿಗೆ ಸಣ್ಣಗೆ ನಗು ಬಂತು. ಹೊರಗೆ ಯಾರೋ ಗಿರಾಕಿ ಅಂಗಿ ಕೇಳಿಕೊಂಡು ಬಾಗಿಲು ತಟ್ಟಿದರು. ಟೈಲರಕ್ಕ ಏಳಲಿಲ್ಲ.

“ಇನ್ನೊಂದ್ಸಲ ಹೇಳು,” ಎಂದ. “ಮೊದ್ಲಿಂದ.”

ಅವಳು ಮೊದಲಿನಿಂದ ಹೇಳಿದಳು.